ಯಂತ್ರದ ಬೀಗದ ಕೈ ಯಾರಲ್ಲಿರಬೇಕು?

ಹೋಟೆಲಿನ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಯಾವ ಧಣಿಯೂ ದಾರಿಹೋಕನ ಕೈಗೆ ಕೊಡುವುದಿಲ್ಲ. ದಿನದ ವ್ಯಾಪಾರ ಮುಗಿದ ಮೇಲೆ ಜಮಾ-ಖರ್ಚನ್ನು ತಾಳೆ ನೋಡಿ, ಶಿಲ್ಕನ್ನು ಎಣಿಸಿ, ಪೆಟ್ಟಿಗೆಗೆ ಬೀಗವಿಕ್ಕಿದ ಬಳಿಕವೇ ಅವರು ಮನೆಯ ದಾರಿ ಹಿಡಿಯುತ್ತಾರೆ. ಆದರೆ ಇಂದು ಅದೇ ಹೋಟೆಲಿನ ಬಿಲ್ಲು, ದಾಸ್ತಾನಿನ ಲೆಕ್ಕ, ಕೆಲಸಗಾರರ ಹಾಜರಿ, ಸಂಬಳದ ಪಟ್ಟಿ, ಜಿ.ಎಸ್.ಟಿ. ಲೆಕ್ಕ ಎಲ್ಲವೂ ಒಂದು ಗಣಕಯಂತ್ರದ ಹೊಟ್ಟೆಯಲ್ಲಿ ಸೇರಿಕೊಂಡಿವೆ. ಆ ಯಂತ್ರದ ಬೀಗದ ಕೈ, ಎಂದರೆ ಪಾಸ್‌ವರ್ಡು, ಯಾರಲ್ಲಿದೆ ಎಂದು ಕೇಳಿದರೆ ಅನೇಕ ಕಡೆ ದೊರೆಯುವ ಉತ್ತರ ಒಂದೇ: “ಯಂತ್ರ ಕೂರಿಸಿಕೊಟ್ಟವರಲ್ಲಿದೆ.” ಈ ಉತ್ತರವನ್ನು ಕೇಳಿ ಸುಮ್ಮನಿರುವುದು ನಮಗೆ ಸಾಧ್ಯವಾಗುತ್ತಿಲ್ಲ.

ಇದು ಧಣಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ನಮ್ಮ ಹೋಟೆಲ್ ಕಾರ್ಮಿಕರು ಭಾವಿಸಕೂಡದು. ಒಬ್ಬ ಮಾಣಿ ಎಷ್ಟು ದಿನ ದುಡಿದ, ಎಷ್ಟು ಮುಂಗಡ ಪಡೆದ, ಅವನ ಭವಿಷ್ಯನಿಧಿಗೆ ಎಷ್ಟು ಸಂದಾಯವಾಗಬೇಕು ಎಂಬುದಕ್ಕೆ ಆ ಯಂತ್ರವೇ ಸಾಕ್ಷಿ. ಸಾಕ್ಷಿ ಮಾಯವಾದರೆ ಮೊದಲು ನಷ್ಟಕ್ಕೆ ಗುರಿಯಾಗುವವನು ಧಣಿಯಲ್ಲ, ದುಡಿದವನು. ಕಚೇರಿಯ ಗುಮಾಸ್ತರ ವಿಷಯವೂ ಹೀಗೆಯೇ. ಯಂತ್ರದ ಮುಂದೆ ಕುಳಿತು ಅಂಕಿಗಳನ್ನು ತುಂಬುವವನನ್ನು ಬದಲಾಯಿಸುವುದು ಸುಲಭ. ಯಂತ್ರವನ್ನು ಸಜ್ಜುಗೊಳಿಸಿ ಕಾಪಾಡಬಲ್ಲವನನ್ನು ಬದಲಾಯಿಸುವುದು ಸುಲಭವಲ್ಲ.

ನಾವು ಬಾಳುತ್ತಿರುವ ಕಲ್ಕತ್ತೆಯು ಈ ವಿದ್ಯೆಗೆ ಹೊಸ ಊರೇನೂ ಅಲ್ಲ. ಮಹಾಲನೋಬಿಸರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ಮಧ್ಯಭಾಗದಲ್ಲಿ ಇಂಗ್ಲೆಂಡಿನಿಂದ ಎಚ್.ಇ.ಸಿ. 2ಎಂ ಎಂಬ ಗಣಕವು ಬಂದಿತು. ಭಾರತದ ನೆಲದಲ್ಲಿ ಕೆಲಸ ಮಾಡಿದ ಮೊತ್ತಮೊದಲ ವಿದ್ಯುನ್ಮಾನ ಗಣಕವೆಂದು ಅದನ್ನು ಎಣಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಸೋವಿಯತ್ ದೇಶದ ಉರಾಲ್ ಯಂತ್ರವೂ ಅಲ್ಲಿಗೆ ಬಂದಿತು. 1966ರಲ್ಲಿ ಆ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಕೂಡಿ ಐ.ಎಸ್.ಐ.ಜೆ.ಯು.-1 ಎಂಬ ಯಂತ್ರವನ್ನು ಇಲ್ಲಿಯೇ ನಿರ್ಮಿಸಿದವು.

ಅದೇ ದಶಕದಲ್ಲಿ ಇದೇ ನಗರದ ಗುಮಾಸ್ತರು ಗಣಕಯಂತ್ರಕ್ಕೆ ಅಡ್ಡ ನಿಂತುದೂ ಉಂಟು. ಜೀವವಿಮಾ ನಿಗಮವು ಇಲ್ಲಿನ ಇಲಾಕೋ ಹೌಸಿನಲ್ಲಿ ಗಣಕವನ್ನು ಕೂರಿಸಲು ಹೊರಟಾಗ ನೌಕರರು ಅದನ್ನು ಒಳಗೆ ಬಿಡದೆ ಹೋರಾಟ ಹೂಡಿದರು. ಅವರ ಭಯ ನಿರಾಧಾರವಾದುದೆಂದು ನಾವು ಹೇಳಲಾರೆವು; ಅನ್ನದ ಪ್ರಶ್ನೆ ಬಂದಾಗ ಯಾರಿಗಾದರೂ ಭಯವಾಗತಕ್ಕದ್ದೇ. ಆದರೆ ಯಂತ್ರವು ಬಾಗಿಲಲ್ಲಿ ಶಾಶ್ವತವಾಗಿ ನಿಲ್ಲಲಿಲ್ಲ. 1983ರಲ್ಲಿ ಬ್ಯಾಂಕು ನೌಕರರ ಸಂಘಗಳೂ ಆಡಳಿತವರ್ಗಗಳೂ ಗಣಕೀಕರಣದ ವಿಷಯದಲ್ಲಿ ಒಪ್ಪಂದಕ್ಕೆ ಬಂದವು. ಮರುವರ್ಷ ರಂಗರಾಜನ್ ಸಮಿತಿಯ ವರದಿ ಹೊರಬಿದ್ದಿತು. ಅಲ್ಲಿಂದ ಮುಂದೆ ಲೆಡ್ಜರುಗಳು ಒಂದೊಂದಾಗಿ ಯಂತ್ರದೊಳಗೆ ಇಳಿದವು. ಯಂತ್ರ ಬರಬೇಕೇ ಬೇಡವೇ ಎಂಬ ವಾದದಲ್ಲಿ ಬಹಳ ಕಾಲ ಕಳೆಯಿತು. ಬಂದ ಯಂತ್ರದ ಒಡೆತನ ಯಾರದು, ಅದರ ಬೀಗದ ಕೈ ಯಾರಲ್ಲಿರಬೇಕು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದವರು ಕಡಿಮೆ. ಆ ಪ್ರಶ್ನೆಯನ್ನು ಇಂದು ಕೇಳೋಣ.

ಬ್ಯಾಂಕುಗಳ ಶಾಖೆಗಳಲ್ಲಿ ಅಂದು ಹಲವೆಡೆ ಬಂದುದು ಯೂನಿಕ್ಸ್ ವಂಶದ ವ್ಯವಸ್ಥೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಹುಟ್ಟುಹಾಕಿದ ಈ ಯೂನಿಕ್ಸಿನ ಮಾದರಿಯಲ್ಲಿಯೇ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಬರೆಯಲಾರಂಭಿಸಿದನು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯ ತಂತ್ರಾಂಶಗಳು ಅದರೊಡನೆ ಕೂಡಿಕೊಂಡವು. ಇವೆಲ್ಲವೂ ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ, ಓದಬಹುದಾದ, ತಿದ್ದಬಹುದಾದ ತಂತ್ರಾಂಶಗಳು. ನಮ್ಮ ಕ್ಲೀನರ್ ಹುಡುಗನ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೂ ಲಿನಕ್ಸೇ. ಆದುದರಿಂದ ಇದು ಪರಲೋಕದ ವಿದ್ಯೆಯೆಂದು ಯಾರೂ ಅಂಜಬೇಕಾದುದಿಲ್ಲ.

ಸರ್ವರ್ ಎಂದರೆ ಏನು? ಅನೇಕರು ಕೇಳಿದ್ದನ್ನು ಹುಡುಕಿ ಕೊಡುವ ಯಂತ್ರ. ಹೋಟೆಲಿನಲ್ಲಿ ಮೇಜುಗಳಿಂದ ಬಂದ ಆರ್ಡರುಗಳಿಗೆ ಅಡಿಗೆಮನೆ ಉತ್ತರ ಕೊಡುವಂತೆಯೇ ಇದೂ ಕೊಡುತ್ತದೆ. ಅದರಲ್ಲಿ ಯಾರಿಗೆ ಪ್ರವೇಶ, ಯಾವ ಕಡತ ಎಲ್ಲಿ, ಯಾವ ಸೇವೆ ಯಾವಾಗ ಎಂಬುದನ್ನೆಲ್ಲ ನೋಡಿಕೊಳ್ಳುವವನು ಕರಿಯ ಪರದೆಯ ಮೇಲೆ ಒಂದೊಂದೇ ಆಜ್ಞೆಯನ್ನು ಬರೆಯಬೇಕಾಗುತ್ತದೆ. ಆ ಶ್ರಮವನ್ನು ತಪ್ಪಿಸಿ, ಗುಂಡಿಗಳನ್ನು ಒತ್ತಿಯೇ ಎಲ್ಲವನ್ನೂ ನಡೆಸುವಂತೆ ಮಾಡುವುದಕ್ಕೆ ನಿರ್ವಹಣಾ ತಂತ್ರಾಂಶಗಳು ಇವೆ. ಸಿ-ಪ್ಯಾನೆಲ್ ಎಂಬುದು ಬಾಡಿಗೆ ತೆರುವಂಥದು. ವೆಬ್‌ಮಿನ್, ಕಾಕ್‌ಪಿಟ್ ಮುಂತಾದವು ಮುಕ್ತವಾದವು. ಇವುಗಳನ್ನು ಯಂತ್ರಕ್ಕೆ ಅಳವಡಿಸುವ ಕೆಲಸ ಕಾಲು ಗಂಟೆಯದು. ಕಾಲು ಗಂಟೆಯ ಕೆಲಸವೆಂಬ ಕಾರಣದಿಂದಲೇ ಅದರಲ್ಲಿ ಅಪಾಯವಿದೆ.

ಬಾಡಿಗೆಯ ವಿಷಯವನ್ನು ಮೊದಲು ನೋಡೋಣ. 2019ರಲ್ಲಿ ಸಿ-ಪ್ಯಾನೆಲ್ ತನ್ನ ದರದ ಕ್ರಮವನ್ನು ಬದಲಿಸಿ, ಯಂತ್ರಕ್ಕಿಷ್ಟು ಎಂಬುದರ ಬದಲು ಖಾತೆಗಳ ಸಂಖ್ಯೆಗೆ ತಕ್ಕಷ್ಟು ಎಂದು ಗೊತ್ತುಮಾಡಿತು. ಅನೇಕ ಖಾತೆಗಳನ್ನು ಒಂದೇ ಯಂತ್ರದಲ್ಲಿಟ್ಟವರ ಖರ್ಚು ಏರಿಹೋಯಿತು. ದರ ಏರಿಸುವ ಹಕ್ಕು ಆ ಕಂಪೆನಿಗೆ ಇಲ್ಲವೆಂದು ನಾವು ಹೇಳುವುದಿಲ್ಲ. ಒಂದೇ ಗುಂಡಿಯ ಮೇಲೆ ಬೆರಳಿಟ್ಟು, ಅದರ ತಳದಲ್ಲಿರುವುದನ್ನು ಕಲಿಯದೆ ಹೋದವನಿಗೆ ಮನೆ ಬದಲಿಸುವ ಶಕ್ತಿ ಉಳಿಯುವುದಿಲ್ಲ ಎಂಬುದಷ್ಟೇ ನಮ್ಮ ಮಾತು. ಕಲ್ಕತ್ತೆಯಲ್ಲಿ ಬಾಡಿಗೆ ಕೋಣೆಯಲ್ಲಿ ಬಾಳಿದ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮುಕ್ತ ತಂತ್ರಾಂಶವನ್ನು ಹಾಕಿಕೊಂಡರೆ ಭಯವಿಲ್ಲವೇ? ಇದೆ. 2018ರ ಏಪ್ರಿಲಿನಲ್ಲಿ ಯಾರೋ ಕಿಡಿಗೇಡಿಗಳು ವೆಬ್‌ಮಿನ್ ತಂತ್ರಾಂಶವನ್ನು ಕಟ್ಟಿ ಸಿದ್ಧಪಡಿಸುವ ಯಂತ್ರದೊಳಗೆ ನುಗ್ಗಿ, ಪಾಸ್‌ವರ್ಡು ಬದಲಿಸುವ ಕಡತದಲ್ಲಿ ಒಂದು ಕಳ್ಳಬಾಗಿಲನ್ನು ಇಟ್ಟರು. ಎಲ್ಲರೂ ನೋಡಬಹುದಾಗಿದ್ದ ಮೂಲಪಾಠ ಶುದ್ಧವಾಗಿಯೇ ಇತ್ತು. ಹಂಚಿಕೆಗೆ ಇಟ್ಟ ಗಂಟಿನಲ್ಲಿ ಮಾತ್ರ ವಿಷವಿತ್ತು. 1.890 ಎಂಬ ಆವೃತ್ತಿಯನ್ನು ಹಾಗೆಯೇ ಅಳವಡಿಸಿದವರ ಯಂತ್ರಕ್ಕೆ ಹೊರಗಿನವನು ಪಾಸ್‌ವರ್ಡಿಲ್ಲದೆ ಹೊಕ್ಕು, ಒಡೆಯನ ಅಧಿಕಾರದಿಂದ ಏನನ್ನಾದರೂ ಮಾಡಬಹುದಾಗಿತ್ತು. ಇದು ಬಯಲಾದುದು 2019ರ ಆಗಸ್ಟಿನಲ್ಲಿ. ತಂತ್ರಾಂಶದ ಕರ್ತೃಗಳು ನಡೆದುದನ್ನು ಬಚ್ಚಿಡದೆ ಪ್ರಕಟಿಸಿ, 1.930 ಆವೃತ್ತಿಯಲ್ಲಿ ಬಾಗಿಲನ್ನು ಮುಚ್ಚಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೆ ಒಂದು ವರ್ಷಕ್ಕೂ ಮೀರಿ ಕಳ್ಳಬಾಗಿಲು ತೆರೆದೇ ಇತ್ತೆಂಬುದನ್ನೂ ಮರೆಯಬಾರದು.

ಈ ಪ್ರಕರಣದಲ್ಲಿ ಪಾರಾದವರು ಯಾರು? ನಿರ್ವಹಣಾ ತಂತ್ರಾಂಶದ ಬಾಗಿಲನ್ನು ಬೀದಿಗೆ ತೆರೆದಿಡದೆ ಒಳಮನೆಗೆ ಮಾತ್ರ ಇಟ್ಟುಕೊಂಡವರು. ವೆಬ್‌ಮಿನ್ ಸಾಮಾನ್ಯವಾಗಿ 10000 ಸಂಖ್ಯೆಯ ಪೋರ್ಟಿನಲ್ಲಿ ಕಾದು ಕೂರುತ್ತದೆ. ಲೋಕದ ಯಾವ ಮೂಲೆಯವರಾದರೂ ಅದನ್ನು ತಟ್ಟಬಹುದಾದಂತೆ ಬಿಡುವುದು ಒಂದು ಬಗೆ. ಫೈರ್‌ವಾಲ್ ಹಾಕಿ, ತನ್ನ ಕಚೇರಿಯೊಳಗಿನಿಂದ ಮಾತ್ರ ಅದು ದೊರೆಯುವಂತೆ ಮಾಡುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಹತ್ತು ನಿಮಿಷ ಹೆಚ್ಚು ಬೇಕು. ಆ ಹತ್ತು ನಿಮಿಷವನ್ನು ಉಳಿಸಿದವರೇ ಮನೆ ಕಳೆದುಕೊಳ್ಳುತ್ತಾರೆ.

ಆದುದರಿಂದ ಈ ಕೆಲಸಕ್ಕೆ ಕೈಹಾಕುವ ನಮ್ಮ ತರುಣರು ಕೆಲವು ನಿಯಮಗಳನ್ನು ಪಾಲಿಸಬೇಕೆಂದು ನಾವು ಬಯಸುತ್ತೇವೆ. ಒಂದು: ತಂತ್ರಾಂಶವನ್ನು ಡೆಬಿಯನ್, ಉಬುಂಟು ಮೊದಲಾದ ವ್ಯವಸ್ಥೆಗಳ ಅಧಿಕೃತ ಭಂಡಾರದಿಂದಾಗಲಿ, ಕರ್ತೃಗಳ ಸ್ವಂತ ಸ್ಥಳದಿಂದಾಗಲಿ ತರತಕ್ಕದ್ದು, ಅದರ ಸಹಿ ಮುದ್ರೆಯನ್ನು ಪರೀಕ್ಷಿಸತಕ್ಕದ್ದು. ಎರಡು: ಎಲ್ಲಿಯೋ ಕಂಡ ಒಂದು ಸಾಲನ್ನು ನಕಲುಮಾಡಿ ರೂಟ್ ಅಧಿಕಾರದಿಂದ ಕಣ್ಣುಮುಚ್ಚಿ ಓಡಿಸಕೂಡದು. ಖಾಲಿ ಚೆಕ್ಕಿಗೆ ರುಜು ಹಾಕದ ಗುಮಾಸ್ತ ಇದನ್ನೇಕೆ ಮಾಡಬೇಕು? ಮೂರು: ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆ, ಅಗತ್ಯ ಬಿದ್ದಾಗ ಮಾತ್ರ ಸುಡೋ ಮೂಲಕ ಒಡೆತನದ ಅಧಿಕಾರ. ನಾಲ್ಕು: ಹೊಸ ಆವೃತ್ತಿಗಳನ್ನು ಕಾಲಕಾಲಕ್ಕೆ ಹಾಕಬೇಕು. ಸೆಂಟ್ ಓಎಸ್ 7ಕ್ಕೆ ಪೋಷಣೆ 2024ರ ಜೂನ್ 30ಕ್ಕೆ ನಿಂತಿತು; ಅಂಥ ಯಂತ್ರವನ್ನು ಇನ್ನೂ ಹಾಗೆಯೇ ನಡೆಸುವವನು ಹಳಸಿದ ಸಾಂಬಾರನ್ನು ಬಿಸಿಮಾಡಿ ಬಡಿಸಿದಂತೆ. ಐದು: ಲೆಕ್ಕದ ಪ್ರತಿಯೊಂದು ಬೇರೆ ಊರಿನಲ್ಲಿರಲಿ. 2020ರ ಮೇ 20ರ ಅಂಫಾನ್ ಚಂಡಮಾರುತದ ಬಳಿಕ ಈ ನಗರದ ಎಷ್ಟೋ ಬೀದಿಗಳಲ್ಲಿ ದಿನಗಟ್ಟಲೆ ದೀಪ ಬೆಳಗಲಿಲ್ಲವೆಂಬುದನ್ನು ಕಂಡವರು ನಾವು. ಪ್ರತಿ ತೆಗೆದರೆ ಸಾಲದು. ಅದನ್ನು ಮತ್ತೆ ಬಿಚ್ಚಿ ಓದಲು ಬರುವುದೇ ಎಂದು ತಿಂಗಳಿಗೊಮ್ಮೆ ನೋಡತಕ್ಕದ್ದು. ಆರು: ಏನನ್ನು, ಎಂದು, ಏಕೆ ಅಳವಡಿಸಿದೆವೆಂಬುದನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಬೇಕು, ಬೀಗದ ಕೈ ಇಬ್ಬರಲ್ಲಿರಬೇಕು. ಒಬ್ಬನು ಊರಿನ ಜಾತ್ರೆಗೆ ಹೋದರೆ ಹೋಟೆಲಿನ ಬಿಲ್ಲು ನಿಲ್ಲಬಾರದು.

ಇಂಥ ಕಟ್ಟುನಿಟ್ಟು ಇಂಜಿನಿಯರುಗಳಿಗೆ ಮಾತ್ರ ಸಾಧ್ಯವೆಂದು ಕೆಲವರು ಹೇಳಿಯಾರು. ಅವರಿಗೆ ಇನ್ನೊಂದು ಪ್ರಸಂಗವನ್ನು ಹೇಳುತ್ತೇವೆ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನು ತನ್ನ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತಡವಾಗುವುದನ್ನು ಗಮನಿಸಿದನು. ಬೇರೊಬ್ಬನಾಗಿದ್ದರೆ ಅಷ್ಟಕ್ಕೆ ಬಿಟ್ಟುಬಿಡುತ್ತಿದ್ದನು. ಅವನು ಬೆನ್ನಟ್ಟಿದನು. ಎಕ್ಸ್‌ಝಡ್ ಎಂಬ, ಲಿನಕ್ಸ್ ಯಂತ್ರಗಳಲ್ಲಿ ಸರ್ವತ್ರ ಬಳಕೆಯಲ್ಲಿರುವ ಸಣ್ಣ ತಂತ್ರಾಂಶದೊಳಗೆ, ಎರಡು ವರ್ಷಗಳಿಗೂ ಹೆಚ್ಚು ಕಾಲ ವಿಶ್ವಾಸ ಗಳಿಸುತ್ತ ಬಂದ ಒಬ್ಬನು ಕಳ್ಳಬಾಗಿಲನ್ನು ಅಡಗಿಸಿದ್ದುದು ಹೊರಬಿತ್ತು. ಅದು ಸ್ಥಿರ ಆವೃತ್ತಿಗಳಿಗೆ ಹಬ್ಬುವ ಮೊದಲೇ ತಡೆಯಾಯಿತು. ಫ್ರಾಯಿಂಡನು ನುರಿತವನೇ ಸರಿ. ಆದರೆ ಅವನನ್ನು ಎಚ್ಚರಿಸಿದ ಗುಣ ಶಿಲ್ಕಿನಲ್ಲಿ ಐದು ಪೈಸೆ ಸೇರದಿದ್ದರೆ ರಾತ್ರಿ ಹನ್ನೊಂದರವರೆಗೆ ಲೆಡ್ಜರು ತಿರುವುವ ಗುಮಾಸ್ತನ ಗುಣವೇ ಹೊರತು ಬೇರೆಯಲ್ಲ. ಆ ಗುಣ ನಮ್ಮವರಲ್ಲಿ ಬೇಕಾದಷ್ಟಿದೆ.

ಎಲ್ಲವನ್ನೂ ದೊಡ್ಡ ಕಂಪೆನಿಗಳ ಕ್ಲೌಡಿಗೆ ಒಪ್ಪಿಸಿಬಿಟ್ಟರೆ ಈ ತಾಪತ್ರಯವೇ ಇಲ್ಲವಲ್ಲ ಎಂಬ ಮಾತೂ ಇದೆ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಸಣ್ಣ ಹೋಟೆಲಿಗೆ ಸ್ವಂತ ಯಂತ್ರ ಭಾರವಾಗಬಹುದು. ಆದರೆ ಬಾಡಿಗೆಗೆ ಪಡೆದ ಯಂತ್ರದೊಳಗೂ ಬಹುಮಟ್ಟಿಗೆ ಇರುವುದು ಲಿನಕ್ಸೇ. ಅದರ ಖಾತೆಯ ಪಾಸ್‌ವರ್ಡನ್ನೂ ಯಾರಾದರೊಬ್ಬರು ಹಿಡಿದುಕೊಳ್ಳಲೇಬೇಕು. ಮನೆ ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಬೀಗ ಹಾಕುವುದನ್ನು ಕಲಿಯದೆ ಗತ್ಯಂತರವಿಲ್ಲ.

ಮುಂಬಯಿಯಲ್ಲಿ ಹಗಲು ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆದ ಕನ್ನಡದ ಹುಡುಗರು ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು, ಧಣಿಗಳೂ ಆದರು. ಆ ಶಾಲೆಗಳನ್ನು ಕಟ್ಟಿದವರು ಸರಕಾರದ ದಾರಿ ಕಾಯುತ್ತ ಕೂರಲಿಲ್ಲ. ಅಂಥದೇ ಒಂದು ಕೆಲಸ ಈ ಊರಿನಲ್ಲಿ ಈ ಕಾಲಕ್ಕೆ ತಕ್ಕಂತೆ ಆಗಬೇಕಾಗಿದೆ. ಚಾಂದನಿ ಚೌಕದಲ್ಲಿ ಹಳೆಯ ಗಣಕಗಳು ಸುಲಭ ಬೆಲೆಗೆ ದೊರೆಯುತ್ತವೆ. ಲಿನಕ್ಸಿಗೆ ಕಾಸು ಕೊಡಬೇಕಾಗಿಲ್ಲ. ಸಾಲ್ಟ್ ಲೇಕಿನ ಸೆಕ್ಟರ್ ಐದರ ಕಚೇರಿಗಳಲ್ಲಿ ಇದೇ ಕಸಬಿನಿಂದ ಜೀವನ ನಡೆಸುವ ಕನ್ನಡಿಗರಿದ್ದರೆ ಅವರು ವಾರಕ್ಕೆ ಎರಡು ಗಂಟೆಗಳನ್ನು ತಮ್ಮವರಿಗಾಗಿ ಕೊಡಲಾರರೇ? ಭಾನುವಾರ ಮಧ್ಯಾಹ್ನ, ಊಟದ ಗಿರಾಕಿಗಳು ಎದ್ದ ಮೇಲೆ ಸಂಜೆಯ ಕಾಫಿಗೆ ಮೊದಲು, ನಮ್ಮ ಹುಡುಗರಿಗೆ ಬಿಡುವಿರುವ ಆ ಹೊತ್ತಿನಲ್ಲಿ ಒಂದು ತರಗತಿ ನಡೆಯಲಿ. ಮೊದಲು ಬರಿಯ ಪರದೆಯ ಮೇಲೆ ಆಜ್ಞೆಗಳನ್ನು ಕಲಿಸಲಿ. ಗುಂಡಿ ಒತ್ತುವ ತಂತ್ರಾಂಶ ಆಮೇಲೆ ಬರಲಿ. ಒಲೆ ಹೊತ್ತಿಸಲು ಅರಿಯದವನಿಗೆ ಮೊದಲ ದಿನವೇ ದೋಸೆಯ ಕಾವಲಿಯನ್ನು ಒಪ್ಪಿಸುವ ಭಟ್ಟರಿಲ್ಲ.

ಕಲಿತವರು ತಮ್ಮ ಹೋಟೆಲಿಗೂ ಕಚೇರಿಗೂ ಹಿಂದಿರುಗಿ ಮೊದಲು ಮಾಡಬೇಕಾದ ಕೆಲಸ ಯಾವುದನ್ನೂ ಹೊಸದಾಗಿ ಅಳವಡಿಸುವುದಲ್ಲ. “ಅಣ್ಣಾ, ಈ ಯಂತ್ರದ ಬೀಗದ ಕೈ ಯಾರಲ್ಲಿದೆ?” ಎಂದು ಧಣಿಗಳನ್ನು ವಿನಯದಿಂದ ಕೇಳುವುದು. ಉತ್ತರ ತಿಳಿಯದಿದ್ದರೆ ಧಣಿಗಳೂ ಕೋಪಿಸದೆ ಅಂದೇ ವಿಚಾರಿಸಲಿ. ಅವರ ಲೆಕ್ಕವೂ ಕೆಲಸಗಾರನ ಸಂಬಳವೂ ಒಂದೇ ಪೆಟ್ಟಿಗೆಯಲ್ಲಿವೆ.