ಗುಡ್ಡೆಗೆ ಯಂತ್ರ ಏರಿಸುವ ಮುನ್ನ

ತುಲಾ ಮಾಸದ ಗುಡುಗು ಮಳೆ ನಿಂತು ನೆಲ ಒಣಗುವುದೇ ತಡ, ನಮ್ಮ ಗುಡ್ಡೆಗಳಿಗೆ ಯಂತ್ರಗಳು ಏರತೊಡಗುತ್ತವೆ. ಕುಂಬಳೆಯಿಂದ ಬದಿಯಡ್ಕಕ್ಕೋ ಉಪ್ಪಳದಿಂದ ಬಾಯಾರಿಗೋ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಹೊರಗೆ ನೋಡಿದರೆ ಸಾಕು. ಕಳೆದ ವರ್ಷ ಕುಂಟಾಲ, ಕೇಪಳ, ಗೇರುಮರಗಳ ಹಸುರಿದ್ದಲ್ಲಿ ಈ ವರ್ಷ ಕೆಂಪು ತಟ್ಟೊಂದು ಕಾಣುತ್ತದೆ. ಅದರ ಹಿಂದೆ ಆಳೆತ್ತರದ, ಕೆಲವೆಡೆ ಎರಡಾಳೆತ್ತರದ ಹಸಿ ಧರೆ. ಪತ್ತನಾಜೆಯೊಳಗೆ ಗೋಡೆ ಏಳಬೇಕು, ಮಳೆ ಹಿಡಿಯುವ ಮೊದಲು ಸ್ಲಾಬು ಬೀಳಬೇಕು ಎಂಬ ಅವಸರ ಎಲ್ಲರದು.

ಮನೆ ಕಟ್ಟುವವರನ್ನು ದೂರಲು ನಾವು ಲೇಖನಿ ಹಿಡಿದಿಲ್ಲ. ಕೂಡುಕುಟುಂಬ ಒಡೆದು ನಾಲ್ಕು ಪಾಲಾದ ಮೇಲೆ ನಾಲ್ಕು ಮನೆ ಬೇಕಾಗುತ್ತದೆ. ಮಂಗಳೂರು, ಬೆಂಗಳೂರು, ಕೊಲ್ಲಿ ನಾಡುಗಳಲ್ಲಿ ದುಡಿದ ಮಗ ಊರಿನಲ್ಲೊಂದು ಮನೆ ಬಯಸುವುದು ಸಹಜ. ಸರಕಾರದ ಲೈಫ್ ಯೋಜನೆಯಲ್ಲಿ ಮನೆ ಮಂಜೂರಾದ ಬಡವನಿಗೆ ಇರುವುದು ಮೂರೋ ಐದೋ ಸೆಂಟ್ಸು, ಅದೂ ಹೆಚ್ಚಾಗಿ ಗುಡ್ಡೆಯ ಇಳಿಜಾರಿನಲ್ಲಿ. ಬೈಲಿನ ಗದ್ದೆ ತುಂಬಿಸಿ ಕಟ್ಟೋಣವೆಂದರೆ 2008ರ ಭತ್ತದ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ. ಆ ಕಾಯಿದೆ ಇರುವುದು ಸರಿಯೇ. ಆದ್ದರಿಂದ ಗುಡ್ಡೆಯೇ ಗತಿ. ನಾವು ಕೇಳುವುದಿಷ್ಟು: ಕಾಡು ಕಡಿದು ತಟ್ಟು ಮಾಡುವ ಆ ಒಂದೆರಡು ದಿನಗಳ ಕೆಲಸಕ್ಕೆ ಮುಂಚೆ ಆ ಜಾಗದ ಒಳಗುಟ್ಟನ್ನು ಯಾರು ವಿಚಾರಿಸುತ್ತಿದ್ದಾರೆ?

ಹಿಂದೆ ಬಲ್ಲೆ ಸವರುವುದಕ್ಕೆ ಕತ್ತಿ, ಹಾರೆ, ಪಿಕ್ಕಾಸುಗಳೇ ಸಾಧನ. ಹತ್ತು ಹದಿನೈದು ದಿನ ಹಿಡಿಯುತ್ತಿದ್ದ ಕೆಲಸ. ಆ ಆಳುಗಳ ಬೆನ್ನುನೋವನ್ನು ಇಂದು ಕುಳಿತು ಕೊಂಡಾಡುವ ಹುಚ್ಚು ನಮಗಿಲ್ಲ. ಆದರೆ ನಿಧಾನದಲ್ಲಿ ಒಂದು ಲಾಭವಿತ್ತು. ಪೊದೆ ಸರಿಸುತ್ತ ಹೋದಂತೆ ಹಳೆಯ ಕಣಿ, ಮುಚ್ಚಿಹೋದ ಸುರಂಗದ ಬಾಯಿ, ಮಳೆಗಾಲದಲ್ಲಿ ಒರತೆ ಏಳುವ ಜಾಗ, ಹಾವಿನ ಹುತ್ತ ಒಂದೊಂದಾಗಿ ಕಣ್ಣಿಗೆ ಬೀಳುತ್ತಿದ್ದವು. ಕೆಲಸ ಮಾಡುವವನೂ ಅದೇ ಊರಿನವ. "ಇಲ್ಲಿ ಬೇಡ ಧಣಿ, ಕೆಳಗೆ ನೀರಿದೆ" ಎನ್ನುವ ಬಾಯಿ ಅವನಿಗಿತ್ತು. ಇಂದು ಜೇಸೀಬಿಗೋ ಹಿಟಾಚಿಗೋ ಬಾಡಿಗೆ ಗಂಟೆಯ ಲೆಕ್ಕ. ನಿಂತು ಯೋಚಿಸಿದರೂ ಹಣ ಓಡುತ್ತದೆ. ಯಂತ್ರ ನಡೆಸುವ ಹುಡುಗ ಬೇರೆ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದವನಾದರೆ ತೋರಿಸಿದಲ್ಲಿ ಅಗೆಯುತ್ತಾನೆ, ತಪ್ಪು ಅವನದಲ್ಲ.

ನಮ್ಮದು ಮುರಕಲ್ಲಿನ ಗುಡ್ಡೆ. ಮೇಲಿನ ಮಣ್ಣು ಎಷ್ಟೋ ಕಡೆ ಗೇಣುದ್ದವೂ ಇಲ್ಲ. ಆ ತೆಳುವಾದ ಮಣ್ಣನ್ನು ಹಿಡಿದಿಟ್ಟು, ಬಿದ್ದ ಮಳೆಯನ್ನು ಕಲ್ಲಿನ ಸಂದುಗಳಿಗೆ ಇಳಿಸುವುದು ನಾವು ಕಾಡುಕಸವೆಂದು ತಿಳಿದ ಇದೇ ಪೊದೆಗಳ ಬೇರು. ಅವನ್ನು ಕೆರೆದು ತೆಗೆದರೆ ಬಿಸಿಲಿಗೂ ಗಾಳಿಗೂ ತೆರೆದುಕೊಂಡ ಮುರಕಲ್ಲು ಗಟ್ಟಿಯಾಗುತ್ತ ಹೋಗುತ್ತದೆ. ಮನೆ ಕಟ್ಟಲು ಅದು ಒಳ್ಳೆಯ ಕಲ್ಲಾಗುವುದು ಈ ಗುಣದಿಂದಲೇ. ನೀರು ಇಂಗದಂತಾಗುವುದೂ ಇದರಿಂದಲೇ. ವರ್ಷಕ್ಕೆ 3000 ಮಿಲ್ಲಿಮೀಟರು ಮೀರಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ, 2017ರ ಭೂಗರ್ಭಜಲದ ಅಂದಾಜಿನ ಪ್ರಕಾರ ಕಾಸರಗೋಡು ಬ್ಲಾಕು ಚಿಂತಾಜನಕ ಸ್ಥಿತಿಯ ವರ್ಗದಲ್ಲಿತ್ತು. ಜೂನಿನಲ್ಲಿ ಅಂಗಳಕ್ಕೆ ನುಗ್ಗುವ ನೀರಿಗೂ ಏಪ್ರಿಲಿನಲ್ಲಿ ಟ್ಯಾಂಕರಿಗೆ ಕಾಯುವ ಕೊಡಪಾನಕ್ಕೂ ಇರುವ ಸಂಬಂಧವನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಸುರಂಗದ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಬಾಯಾರು, ಪೈವಳಿಕೆ, ಎಣ್ಮಕಜೆ, ಪಡ್ರೆಗಳ ಕಡೆ ಎಷ್ಟು ತೋಟಗಳು, ಎಷ್ಟು ಅಡಿಗೆಮನೆಗಳು ಇಂದಿಗೂ ಸುರಂಗದ ನೀರನ್ನೇ ನಂಬಿವೆ ಎಂಬುದು ನಮ್ಮ ಓದುಗರಿಗೆ ತಿಳಿಯದ್ದಲ್ಲ. ಒಬ್ಬ ಮನುಷ್ಯ ನಡೆಯುವಷ್ಟು ಎತ್ತರ, ಎರಡಡಿ ಆಸುಪಾಸು ಅಗಲ, ಗುಡ್ಡೆಯ ಹೊಟ್ಟೆಯೊಳಗೆ ಹತ್ತಾರು ಕೋಲು ಉದ್ದ. ಅದರ ಬಾಯಿ ಒಬ್ಬರ ತೋಟದಲ್ಲಿದ್ದರೆ ತುದಿ ಇನ್ನೊಬ್ಬರ ಗುಡ್ಡೆಯ ಅಡಿಯಲ್ಲಿರುವುದುಂಟು. ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ.

ಇತ್ತೀಚೆಗೆ ನಮ್ಮ ಕಚೇರಿಗೆ ಬಂದಿದ್ದ ಓದುಗರೊಬ್ಬರ ಅಳಲು ಇದಕ್ಕೆ ಸಂಬಂಧಿಸಿದ್ದೇ. ಪಾಲುಪಟ್ಟಿಯಲ್ಲಿ ಕೆಳಗಿನ ಅಡಿಕೆ ತೋಟ ಇವರಿಗೆ, ಮೇಲಿನ ಗುಡ್ಡೆ ತಮ್ಮನಿಗೆ. ತಮ್ಮ ಮನೆ ಕಟ್ಟಲು ಗುಡ್ಡೆ ತಟ್ಟು ಮಾಡಿಸಿದ. ಯಂತ್ರದ ಭಾರಕ್ಕೆ ಸುರಂಗದ ನಡುಭಾಗ ಕುಸಿಯಿತು. ಅಜ್ಜನ ಕಾಲದಿಂದ ಬೇಸಗೆಯಲ್ಲೂ ನಿಲ್ಲದಿದ್ದ ನೀರು ಎರಡು ದಿನ ಕೆಂಪಾಗಿ ಹರಿದು ನಿಂತುಹೋಯಿತು. "ಅವನಿಗೆ ಗೊತ್ತಿರಲಿಲ್ಲ ಸ್ವಾಮಿ, ಅಪ್ಪನಿಗೆ ಗೊತ್ತಿತ್ತು, ಅಪ್ಪ ಈಗಿಲ್ಲ" ಎಂದರು. ಪಾಲುಪಟ್ಟಿಯಲ್ಲಿ ತೆಂಗಿನಮರಗಳ ಲೆಕ್ಕವಿದೆ, ದೈವದ ಕಟ್ಟೆಯ ಖರ್ಚಿನ ಹಂಚಿಕೆಯಿದೆ. ಸುರಂಗದ ಒಂದು ಮಾತಿಲ್ಲ. ಅಣ್ಣತಮ್ಮಂದಿರು ಈಗ ಮಾತನಾಡುವುದು ವಕೀಲರ ಮೂಲಕ. ಯಾರ ಮೇಲೂ ಸಿಟ್ಟಾಗಲು ಬಾರದ ಇಂಥ ನಷ್ಟವೇ ಹೆಚ್ಚು ಕಹಿ.

ನೀರಿನ ಮಾತಾಯಿತು. ಧರೆಯ ಭಯ ಬೇರೆ. ಮುರಕಲ್ಲಿನ ಹೊದಿಕೆಯ ಕೆಳಗೆ ಹಲವೆಡೆ ಇರುವುದು ಬಿಳಿ ಶೇಡಿಮಣ್ಣು. ಒಣಗಿದಾಗ ಗಟ್ಟಿ, ನೆನೆದಾಗ ಅಂಬಲಿ. ಮೇಲಿನ ಕಲ್ಲು ಕೊರೆದು ಶೇಡಿಯನ್ನು ನೆಟ್ಟಗೆ ಕಡಿದು ಬಿಟ್ಟರೆ ಆಟಿಯ ಮಳೆಗೆ ಅದು ನಿಲ್ಲುವುದೆಂಬ ಭರವಸೆ ಯಾರೂ ಕೊಡಲಾರರು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಜನರ ಮೇಲೆ ಕುಸಿದುದನ್ನು ಮರೆಯುವಂತಿಲ್ಲ. ಅದೇ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ನಮ್ಮದೇ ಜಿಲ್ಲೆಯ ಚೆರ್ವತ್ತೂರಿನ ಬಳಿ ವೀರಮಲ ಗುಡ್ಡೆ 2025ರ ಜುಲೈಯಲ್ಲಿ ಜಾರಿತು. ಇಂಜಿನಿಯರುಗಳ ಮೇಲ್ವಿಚಾರಣೆಯಿದ್ದ ಕಡೆಯೇ ಹೀಗಾದರೆ, ಹತ್ತು ಸೆಂಟ್ಸಿನ ಜಾಗದಲ್ಲಿ ಮೇಸ್ತ್ರಿಯ ಕಣ್ಣಳತೆಯಿಂದ ಕಡಿದ ಧರೆಯ ಗತಿಯೇನು? ಅಡಿಗೆಮನೆಯ ಕಿಟಕಿಗೆ ಮೂರಡಿ ದೂರದಲ್ಲಿ ಹಸಿ ಧರೆ ನಿಂತಿರುವ ಮನೆಗಳನ್ನು ನಾವೇ ಎಣಿಸಿದ್ದೇವೆ. ಎಣಿಕೆ ಬೇಗ ಬೇಸರ ತಂದಿತು. ಧರೆಯನ್ನು ಮೆಟ್ಟಲು ಮೆಟ್ಟಲಾಗಿ ಇಳಿಸುವುದಕ್ಕೆ, ನೆತ್ತಿಯಲ್ಲಿ ಕಣಿ ತೋಡಿ ನೀರನ್ನು ಬದಿಗೆ ತಿರುಗಿಸುವುದಕ್ಕೆ, ಮೇಲಂಚಿನ ಪೊದೆಯನ್ನು ಸವರದೆ ಬಿಡುವುದಕ್ಕೆ ಒಂದಷ್ಟು ಜಾಗ ಹೋಗುತ್ತದೆ, ನಿಜ. ತಗ್ಗಿನ ಕಡೆಗೆ ದೂಡಿದ ಸಡಿಲ ಮಣ್ಣಿನ ಮೇಲೆ ಅರ್ಧ ಮನೆ ನಿಲ್ಲಿಸಿ ಮರುವರ್ಷ ಗೋಡೆ ಬಿರಿಯಿತೆಂದು ಗೋಳಾಡುವುದಕ್ಕಿಂತ ಅದು ವಾಸಿ.

ಇನ್ನು ಕಾಗದಪತ್ರ. ಜಾಗ ನಮ್ಮದಾದರೂ ಅದರ ಮೇಲಿನ ಎಲ್ಲ ಮರವೂ ನಮ್ಮದಲ್ಲ. ಅನುಮತಿಯಿಲ್ಲದೆ ಶ್ರೀಗಂಧಕ್ಕೆ ಕತ್ತಿ ತಾಗಿಸುವಂತಿಲ್ಲ. ಪಟ್ಟಾ ಸಿಕ್ಕಿದ ಭೂಮಿಯಲ್ಲಿ ಸರಕಾರಕ್ಕೆ ಕಾದಿರಿಸಿದ ಮರಗಳು ಬೇರೆ. ಅಗೆದ ಮಣ್ಣನ್ನು ಜಾಗದ ಹೊರಗೆ ಸಾಗಿಸಬೇಕಾದರೆ ಭೂವಿಜ್ಞಾನ ಇಲಾಖೆಯ ಪಾಸು ಬೇಕು. ವಯನಾಡಿನ ಮುಟ್ಟಿಲಿನಲ್ಲಿ ಕಂದಾಯ ಇಲಾಖೆಯ 2020ರ ಅಕ್ಟೋಬರಿನ ಆದೇಶವೊಂದರ ನೆಪದಲ್ಲಿ ಬೀಟಿ ಮರಗಳು ಉರುಳಿದವು. ಆ ಆದೇಶವೇ 2021ರ ಫೆಬ್ರವರಿಯಲ್ಲಿ ರದ್ದಾಯಿತು. ಮರದ ವ್ಯಾಪಾರ ಮಾಡಿದವರು ಬೇರೆಯವರಾದರೂ ನೋಟೀಸು ಪಡೆದವರಲ್ಲಿ ಸಣ್ಣ ರೈತರೂ ಆದಿವಾಸಿಗಳೂ ಇದ್ದರು. ಓದದೆ ಹಾಕಿದ ರುಜುವಿನ ಬೆಲೆ ಅದು.

ನಮ್ಮವರು ಓದದೆ ರುಜು ಹಾಕುವುದು ಉದಾಸೀನದಿಂದಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಅರುವತ್ತರ ಹಿರಿಯರ ಮುಂದೆ ಮಲಯಾಳದ ಷರತ್ತುಪಟ್ಟಿ ಇಟ್ಟು "ಇಲ್ಲೊಂದು ಸೈನು" ಎಂದರೆ ಅವರೇನು ಮಾಡಿಯಾರು? 2025ರ ಏಪ್ರಿಲಿನಿಂದ ಗ್ರಾಮಪಂಚಾಯತುಗಳಿಗೂ ಕೆ-ಸ್ಮಾರ್ಟ್ ವ್ಯವಸ್ಥೆ ಬಂದಿದೆ. ಅರ್ಜಿ ತುಂಬುವವನು ಪೇಟೆಯ ಅಂಗಡಿಯ ಹುಡುಗ, ಹೊಣೆ ಹೊರುವವರು ಮನೆಯ ಯಜಮಾನರು. ಆದರೆ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಈ ಪ್ರದೇಶದ ಕನ್ನಡಿಗರಿಗೆ ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಇದು ಯಾರದೋ ದಾಕ್ಷಿಣ್ಯವಲ್ಲ. ಬಳಸದೆ ಬಿಟ್ಟ ಹಕ್ಕಿಗೆ ಬಲ್ಲೆ ಬೆಳೆದಿದೆ ಎನ್ನೋಣವೆ? ಆ ಬಲ್ಲೆಯನ್ನಂತೂ ಸವರಬೇಕಾಗಿದೆ.

ನಮ್ಮ ಗ್ರಾಮಪಂಚಾಯತುಗಳು ಒಂದು ಕೆಲಸ ಕೈಗೆತ್ತಿಕೊಳ್ಳಬೇಕೆಂದು ಈ ಮೂಲಕ ಒತ್ತಾಯಿಸುತ್ತೇವೆ. ಮನೆಯ ಪ್ಲಾನಿನಲ್ಲಿ ಗಡಿ, ರಸ್ತೆ, ಬಾವಿ, ಶೌಚದ ಗುಂಡಿ ತೋರಿಸಲಾಗುತ್ತದೆ; ಸುರಂಗ, ಒರತೆ, ಮಳೆನೀರಿನ ಕಣಿ ಕಾಣುವುದು ಅಪರೂಪ. ವಾರ್ಡು ವಾರ್ಡಾಗಿ ಹಿರಿಯರನ್ನು ಕೇಳಿ ಇವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿಡಬೇಕು. ಗುಡ್ಡೆ ಕಡಿಯಲು ಪರವಾನಗಿ ಕೊಡುವಾಗ ಆ ಪುಸ್ತಕ ನೋಡಿಯೇ ಮುಂದುವರಿಯಬೇಕು. ದೊಡ್ಡ ಖರ್ಚಿನ ಬಾಬ್ತು ಇದಲ್ಲ. ಸುರಂಗ ತೋಡಿ ಬದುಕಿದ, ಗುಡ್ಡೆಯ ಒಳಹೊರಗನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಪಂಚಾಯತು ಮಾಡುವವರೆಗೆ ಮನೆಯವರು ಕಾಯಬೇಕಾಗಿಲ್ಲ. ಯಂತ್ರ ಬರುವ ಹಿಂದಿನ ಆದಿತ್ಯವಾರ ಅಜ್ಜನನ್ನೋ ನೆರೆಮನೆಯ ಹಿರಿಯರನ್ನೋ ಕರೆದುಕೊಂಡು ಜಾಗಕ್ಕೊಂದು ಸುತ್ತು ಬನ್ನಿ. ಅವರು ತೋರಿಸಿದಲ್ಲಿ ಗೂಟ ಹೊಡೆಯಿರಿ. ಕೆಳಗಿನ ಜಾಗದವರಿಗೂ ಒಂದು ಮಾತು ತಿಳಿಸಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಸುರಂಗದ ಪಟ್ಟಿ ಮಾಡಬೇಕೆಂಬ ಅರ್ಜಿಯನ್ನು ಕನ್ನಡದಲ್ಲೇ ಬರೆದು ಕೊಡಿ. ಕೊಟ್ಟದ್ದಕ್ಕೆ ತಾರೀಕು ಹಾಕಿದ ರಶೀದಿ ಕೇಳಿ ಪಡೆಯಿರಿ.