ರೊಟ್ಟಿ ಬಡಿದರೆ ಬಾಗಿಲು ಬಡಿಯುತ್ತಾರೆ!

“ಅವ್ವಾ, ಇಲ್ಲಿ ರೊಟ್ಟಿ ಬಡದ್ರ ಕೆಳಗಿನ ಮನಿಯಾಕಿ ಬಂದು ಬಾಗಲಾ ಬಡೀತಾಳ!” ಗಂಡನ ಎರಡು ವರ್ಷದ ಪ್ರಾಜೆಕ್ಟಿಗೆಂದು ಅಮೆರಿಕಕ್ಕೆ ಹೋದ ಮಗಳು ಹೀಗೆಂದಾಗ ಅಣ್ಣಿಗೇರಿಯ ತಾಯಿಗೆ ನಗುವೋ ನಗು. ಅಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮರದ ನೆಲವೇ ಹೆಚ್ಚು, ಸಪ್ಪಳ ಕೆಳಗಿಳಿಯುತ್ತದೆ. ಒಗ್ಗರಣೆಯ ಹೊಗೆಗೆ ಅಲಾರಂ ಬೇರೆ ಕೂಗುತ್ತದೆ. ಇದಕ್ಕೆಲ್ಲ ಉಪಾಯವುಂಟು. ದಪ್ಪ ಟವೆಲ್ ಹಾಸಿ ಹಗಲಲ್ಲೇ ರೊಟ್ಟಿ ಬಡಿಯಿರಿ, ಒಗ್ಗರಣೆಗೆ ಮುಂಚೆ ಕಿಟಕಿ ತೆರೆಯಿರಿ.

ತಾಯಿಗೆ ಹೇಳದ್ದನ್ನು ಆ ಮಗಳು ನಮಗೆ ಬರೆದಿದ್ದಾಳೆ. “ಊರಲ್ಲಿ ಕಟ್ಟೆಗೆ ಕೂತರೆ ಓಣಿಯವರೆಲ್ಲ ಮಾತಾಡಿಸುತ್ತಿದ್ದರು. ಇಲ್ಲಿ ನಮ್ಮನೆಯವರನ್ನು ಬಿಟ್ಟರೆ ಯಾರೂ ಇಲ್ಲ. ಮದುವೆಗೆ ಮುಂಚೆ ಶಾಲೆಯಲ್ಲಿ ಕಲಿಸುತ್ತಿದ್ದೆ. ಈಗ ಸೀರೆ ಪಿನ್ನಿಗೂ ಅವರನ್ನೇ ಕೇಳಬೇಕು.”

ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. 2015ರಿಂದ ಕೆಲವರಿಗೆ ಅನುಮತಿ ಸಿಗುತ್ತಿದೆ, ಆದರೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿರಬೇಕು. ಎರಡು ವರ್ಷಕ್ಕೆ ಹೋದವರಿಗೆ ಅದು ಕೈಗೆಟುಕುವುದು ಅಪರೂಪ. ಓದಲು ಮಾತ್ರ ಅಡ್ಡಿಯಿಲ್ಲ. ಹಲವು ಊರುಗಳ ಗ್ರಂಥಾಲಯಗಳಲ್ಲಿ ಪುಕ್ಕಟೆ ಇಂಗ್ಲಿಷ್ ತರಗತಿಗಳಿವೆ. ಬ್ಯಾಂಕ್ ಖಾತೆ ಜಂಟಿಯಾಗಿರಲಿ. ಇದನ್ನು ಹೊರಡುವ ಮುಂಚೆಯೇ ಗಂಡನ ಹತ್ತಿರ ಮಾತಾಡಿಕೊಳ್ಳಿ, ನಾಚಿಕೆ ಯಾಕೆ?

ಅಲ್ಲಿ ಹೇಳದೆ ಕೇಳದೆ ಯಾರ ಮನೆಗೂ ಹೋಗುವುದಿಲ್ಲ. ಅದು ಸೊಕ್ಕಲ್ಲ, ರೂಢಿ. ಕೆಳಗಿನ ಮನೆಯಾಕೆಯ ಹೆಸರು ಕೇಳಿದ್ದೀಯಾ, ತಂಗಿ? ಸಪ್ಪಳಕ್ಕೆ ಸಾರಿ ಹೇಳಿ, ಮುಂದಿನ ವಾರ ಚಹಾಕ್ಕೆ ಕರೆದು ನೋಡು.

ಇನ್ನು ತಾಯಂದಿರೇ, ಫೋನಿನಲ್ಲಿ “ಏನ್ ಅಡಗಿ ಮಾಡೀದಿ?” ಅಂತ ಕೇಳುತ್ತೀರಲ್ಲ, “ಇವತ್ತ ಯಾರ ಕೂಡ ಮಾತಾಡೀದಿ?” ಅಂತಲೂ ಕೇಳಿ.