ಚಕ್ರದ ಮೇಲಿನ ಮನೆಗೆ ಕಿಟಕಿಯ ಕಾವಲು

ಮನೆಯನ್ನೇ ಗಾಲಿಗಳ ಮೇಲೇರಿಸಿ ಊರಿಂದೂರಿಗೆ ಸಂಚರಿಸುವ ಹವ್ಯಾಸ ಯೂರೋಪಿನಲ್ಲಿ ಇಂದುನಿನ್ನೆಯದಲ್ಲ. ವೈದ್ಯರೂ ಲೇಖಕರೂ ಆಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬುವರು 1885ರಲ್ಲಿ ‘ವಾಂಡರರ್’ ಎಂಬ ಮನೆಬಂಡಿಯೊಂದನ್ನು ಕಟ್ಟಿಸಿ, ಅದಕ್ಕೆ ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಪ್ರಯಾಣ ಬೆಳೆಸಿದರು. ಜೊತೆಯಲ್ಲಿ ಸಾರಥಿಯೊಬ್ಬ, ಪರಿಚಾರಕನೊಬ್ಬ, ದೊಡ್ಡದೊಂದು ನಾಯಿ. ಇಂದಿನ ಮೋಟರ್‌ಹೋಮ್‌ನಲ್ಲಿ ಸಾರಥಿಯೂ ಪರಿಚಾರಕನೂ ಮನೆಯ ಯಜಮಾನನೇ. ನಾಯಿಯ ಕೆಲಸ ಮಾತ್ರ ವಿದ್ಯುತ್ತಿನ ಎಚ್ಚರಗಂಟೆಯ ಪಾಲಿಗೆ ಬಂದಿದೆ.

ಮಲಗುವ ಹಾಸಿಗೆ, ಅಡಿಗೆಯ ಒಲೆ, ಸ್ನಾನದ ಕೋಣೆ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಮೋಟಾರು ವಾಹನವೇ ಮೋಟರ್‌ಹೋಮ್. ಇಂಗ್ಲೆಂಡ್, ಜರ್ಮನಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿಯೂ ಬೇಸಗೆಯ ರಜೆಗೆ ಇದನ್ನು ಬಾಡಿಗೆಗೆ ಹಿಡಿಯುವವರುಂಟು. ಊರಿನಿಂದ ಬಂದ ತಂದೆತಾಯಿಗಳನ್ನು ಅದರಲ್ಲಿ ಕೂರಿಸಿಕೊಂಡು ಫ್ರಾನ್ಸಿನತ್ತಲೋ ಸ್ಪೇನಿನತ್ತಲೋ ಹೊರಡುವವರುಂಟು. ಹಗಲೆಲ್ಲ ಸಂತೋಷವೇ. ಕತ್ತಲಾಗಿ, ಅಪರಿಚಿತ ತಾಣವೊಂದರಲ್ಲಿ ವಾಹನ ನಿಂತು, ಮಕ್ಕಳು ನಿದ್ರೆ ಹೋದ ಮೇಲೆ ತಾಯಿಯ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಈ ಕಿಟಕಿಗಳನ್ನು ನಂಬಬಹುದೆ?

ಪ್ರಶ್ನೆ ಸಕಾರಣವಾದುದೇ. ಮುಂಭಾಗದಲ್ಲಿ, ಚಾಲಕನ ಅಕ್ಕಪಕ್ಕದಲ್ಲಿರುವುದು ಸಾಧಾರಣ ಮೋಟಾರುಗಾಡಿಯ ಗಾಜು. ಆದರೆ ಯೂರೋಪಿನ ವಾಹನಗಳಲ್ಲಿ ಹಿಂದಿನ ವಾಸದ ಭಾಗದ ಕಿಟಕಿಗಳು ಬಹುಮಟ್ಟಿಗೆ ಗಾಜಿನವಲ್ಲ. ನಡುವೆ ಗಾಳಿಯ ಪದರವಿರುವಂತೆ ಜೋಡಿಸಿದ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಎರಡು ಹಾಳೆಗಳು ಅವು. ಭಾರ ಕಡಮೆ, ಚಳಿಯೂ ಒಳನುಗ್ಗದು. ಆದರೆ ಕಿಟಕಿಯ ಮೇಲಂಚಿಗೆ ಕೀಲು, ಕೆಳಗೆ ಪ್ಲಾಸ್ಟಿಕ್ಕಿನ ಚಿಲಕ. ಕೆಳಗಿನ ಅಂಚಿಗೆ ಸ್ಕ್ರೂಡ್ರೈವರೊಂದನ್ನು ತೂರಿಸಿ ಮೀಟಿದರೆ ಹಾಳೆ ಬಾಗುತ್ತದೆ, ಚಿಲಕ ಮುರಿಯುತ್ತದೆ. ಗಾಜು ಒಡೆದಂತೆ ಸದ್ದೂ ಆಗುವುದಿಲ್ಲ.

ಹಾಗಾದರೆ ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿಬಿಟ್ಟರಾಯಿತಲ್ಲ ಎಂದು ನಮ್ಮ ಊರಿನ ಮನೆಗಳಲ್ಲಿ ಬೆಳೆದವರಿಗೆ ತೋರುವುದು ಸಹಜ. ಇಲ್ಲಿಯೇ ಎಚ್ಚರ ಬೇಕಾದುದು. ಈ ಪುಟ್ಟ ಮನೆಗೆ ಕಿಟಕಿಯೆಂಬುದು ಮೂರು ದಾರಿ: ಕಳ್ಳ ಒಳಬರುವ ದಾರಿ, ಗಾಳಿ ಆಡುವ ದಾರಿ, ಬೆಂಕಿ ಬಿದ್ದರೆ ಮನೆಯವರು ಹೊರಬೀಳುವ ದಾರಿ. ಮೊದಲನೆಯದನ್ನು ಮುಚ್ಚುವ ಭರದಲ್ಲಿ ಉಳಿದೆರಡನ್ನೂ ಮುಚ್ಚಿದರೆ ಕಳ್ಳನಿಗಿಂತ ದೊಡ್ಡ ಅಪಾಯವನ್ನು ಒಳಗೇ ಕೂಡಿಹಾಕಿಕೊಂಡಂತೆ. ದಾರಿಯನ್ನು ಮುಚ್ಚದೆ ಕಾಯುವ ಸಾಧನವೇ ಅಲಾರಂ. ಅದು ಕಳ್ಳನನ್ನು ಹಿಡಿಯಬೇಕಾಗಿಲ್ಲ, ಕೂಗಿದರೆ ಸಾಕು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ಇಲ್ಲಿ ನಿಂದೆಯಲ್ಲ.

ಕಿಟಕಿಗೆ ಗಂಟೆ ಕಟ್ಟುವ ವಿದ್ಯೆಗೆ ನೂರೆಪ್ಪತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಅಗಸ್ಟಸ್ ಪೋಪ್ ಎಂಬಾತ 1853ರಲ್ಲಿ ಇಂಥ ಸಾಧನಕ್ಕೆ ಪೇಟೆಂಟ್ ಪಡೆದ. ಬಾಗಿಲೋ ಕಿಟಕಿಯೋ ತೆರೆದೊಡನೆ ವಿದ್ಯುತ್ತು ಹರಿದು ಗಂಟೆ ಬಡಿಯುವಂತೆ ಅವನು ಏರ್ಪಡಿಸಿದ್ದ. ಮುಂದೆ 1936ರಲ್ಲಿ ಬೆಲ್ ಪ್ರಯೋಗಶಾಲೆಯ ವಾಲ್ಟರ್ ಎಲ್‌ವುಡ್ ‘ರೀಡ್ ಸ್ವಿಚ್’ ಎಂಬ ಸಣ್ಣ ಉಪಕರಣವನ್ನು ರೂಪಿಸಿದ. ಗಾಜಿನ ಕಿರುನಳಿಗೆಯೊಳಗೆ ಎರಡು ತೆಳು ಲೋಹದ ಎಲೆಗಳು. ಅಯಸ್ಕಾಂತ ಸಮೀಪದಲ್ಲಿದ್ದರೆ ಕೂಡುತ್ತವೆ, ದೂರ ಸರಿದರೆ ಬೇರೆಯಾಗುತ್ತವೆ. ಇಂದು ಅಂಗಡಿಯಲ್ಲಿ ದೊರೆಯುವ ಕಿಟಕಿ ಅಲಾರಂಗಳಲ್ಲಿ ಬಹುಪಾಲು ಇದೇ ತತ್ತ್ವದವು. ಒಂದು ತುಂಡು ಚೌಕಟ್ಟಿಗೆ, ಅಯಸ್ಕಾಂತವಿರುವ ಇನ್ನೊಂದು ತುಂಡು ಕಿಟಕಿಗೆ. ಎರಡರ ನಡುವಣ ಅಂತರ ಸಾಧಾರಣವಾಗಿ ಒಂದೆರಡು ಸೆಂಟಿಮೀಟರು ಮೀರಿತೆಂದರೆ ಕೂಗು.

ಅಕ್ರಿಲಿಕ್ ಕಿಟಕಿಗೆ ನೆಚ್ಚತಕ್ಕದ್ದು ಈ ಬಗೆಯನ್ನೇ. ಆದರೆ ಅದನ್ನು ಎಲ್ಲಿ ಅಂಟಿಸಬೇಕೆಂಬುದರಲ್ಲಿ ಅರ್ಧ ಗುಟ್ಟಿದೆ. ಕೀಲು ಮೇಲಿರುವುದರಿಂದ ಕಿಟಕಿಯನ್ನು ಮೀಟಿದಾಗ ಬೇಗ ಸರಿಯುವುದು ಕೆಳಗಿನ ಅಂಚು. ಅಲ್ಲಿ ಅಂಟಿಸಿದರೆ ಕಳ್ಳನ ಕೈ ಒಳಬರುವ ಮೊದಲೇ ಗಂಟೆ ಕೂಗೀತು. ಕೀಲಿನ ಬಳಿ ಅಂಟಿಸಿದರೆ ಅವನು ಅರ್ಧ ಒಳಬಂದ ಮೇಲೆ ಕೂಗೀತು. ‘ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ’ ಎಂಬಂತಾಗಬಾರದು. ಕಿಟಕಿ ಉದ್ದವಾಗಿದ್ದರೆ ಒಂದು ಮೂಲೆಯನ್ನು ಮೀಟಿದರೂ ಇನ್ನೊಂದು ಮೂಲೆ ಅಲುಗದಿರಬಹುದು. ಅಂಥದಕ್ಕೆ ಎರಡು ಕಡೆ ಕಾವಲಿರುವುದು ಲೇಸು. ಅನೇಕ ಕಿಟಕಿಗಳ ಚಿಲಕಕ್ಕೆ ಎರಡು ನೆಲೆಗಳುಂಟು: ಒಂದು ಪೂರ್ಣ ಮುಚ್ಚಲು, ಇನ್ನೊಂದು ಗಾಳಿಗಾಗಿ ಕಿರಿದಾದ ಸಂದು ಬಿಟ್ಟು ನಿಲ್ಲಿಸಲು. ಎರಡನೆಯ ನೆಲೆಯಲ್ಲಿಯೂ ಗಂಟೆ ಸುಮ್ಮನಿರುವಂತೆ ಅಂತರವನ್ನು ಹೊಂದಿಸಬೇಕು. ಇಲ್ಲವಾದರೆ ಗಾಳಿಯೋ ಕಾವಲೋ ಎಂದು ರಾತ್ರಿಯೆಲ್ಲ ವಾದವಾದೀತು.

ಅಂಟಿಸುವ ಮುನ್ನ ಅಕ್ರಿಲಿಕ್ಕನ್ನು ಪೆಟ್ರೋಲು, ಸ್ಪಿರಿಟ್ಟುಗಳಿಂದ ಒರೆಸಬಾರದು. ನವಿರಾದ ಬಿರುಕುಗಳು ಮೂಡುತ್ತವೆ. ಸೌಮ್ಯವಾದ ಸಾಬೂನಿನ ನೀರೇ ಸಾಕು. ಕಿಟಕಿಗೆ ಸ್ಕ್ರೂ ಕೊರೆಯುವುದಂತೂ ಸಲ್ಲದು. ತೂತಿನಿಂದ ತೇವ ಸೇರಿ ಎರಡು ಹಾಳೆಗಳ ನಡುವೆ ಮಂಜು ಕಟ್ಟುತ್ತದೆ. ಒಳಗಿನ ಪರದೆ, ಸೊಳ್ಳೆಬಲೆಗಳು ಸರಾಗವಾಗಿ ಸರಿಯುವುದಕ್ಕೆ ಸಾಧನ ಅಡ್ಡಿಯಾಗದೆಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.

ಇನ್ನು ಬೇರೆ ಬಗೆಗಳು. ಗಾಜು ಒಡೆಯುವ ಶಬ್ದವನ್ನು ಆಲಿಸಿ ಕೂಗುವ ಸಾಧನ ಊರಿನ ಮನೆಗೆ ಒಳ್ಳೆಯದು. ಗಾಜೇ ಇಲ್ಲದ ಕಿಟಕಿಯ ಬಳಿ ಅದು ಕಿವುಡ ಕಾವಲುಗಾರ. ಕಂಪನವನ್ನು ಗುರುತಿಸುವ ಸಾಧನ ಚಿಲಕ ಮುರಿಯುವ ಮೊದಲೇ ಎಚ್ಚರಿಸಬಲ್ಲುದಾದರೂ, ಪಕ್ಕದಲ್ಲಿ ಲಾರಿ ಹಾದುಹೋದರೂ ಬಿರುಗಾಳಿ ಬೀಸಿದರೂ ಎಚ್ಚರಿಸುತ್ತದೆ. ಸೂಕ್ಷ್ಮತೆಯನ್ನು ಹೆಚ್ಚುಕಡಮೆ ಮಾಡಲು ಅವಕಾಶವಿಲ್ಲದುದನ್ನು ಕೊಳ್ಳದಿರುವುದೇ ಮೇಲು. ಮೈಯ ಶಾಖದ ಚಲನೆಯನ್ನು ಕಾಣುವ ಸಾಧನ ಎಲ್ಲರೂ ಹೊರಗೆ ಹೋದಾಗ ಉಪಯುಕ್ತ. ಒಳಗೆ ಮಕ್ಕಳು ಹೊರಳಾಡಿ ಮಲಗಿರುವಾಗ ಅದನ್ನು ನಿಲ್ಲಿಸಲೇಬೇಕು. ಆದುದರಿಂದ ಪೂರ್ಣ ವ್ಯವಸ್ಥೆಯನ್ನು ಕೊಳ್ಳುವವರು, ರಾತ್ರಿ ಕಿಟಕಿ ಬಾಗಿಲುಗಳನ್ನು ಮಾತ್ರ ಕಾಯುವ ಪ್ರತ್ಯೇಕ ಏರ್ಪಾಡು ಅದರಲ್ಲಿದೆಯೆ ಎಂದು ಕೇಳತಕ್ಕದ್ದು.

ಇಷ್ಟೆಲ್ಲ ಏಕೆಂದರೆ, ಸುಳ್ಳು ಕೂಗುವ ಗಂಟೆ ಇಲ್ಲದ ಗಂಟೆಗಿಂತ ಕೇಡು. ‘ಹುಲಿ ಬಂತು ಹುಲಿ’ ಎಂದು ಎರಡು ಸಲ ಹಾಸ್ಯಕ್ಕೆ ಕೂಗಿದ ಹುಡುಗನ ಕಥೆ ಯಾರಿಗೆ ತಿಳಿಯದು? ಎರಡು ರಾತ್ರಿ ವೃಥಾ ನಿದ್ರೆಗೆಟ್ಟ ಯಜಮಾನ ಮೂರನೆಯ ರಾತ್ರಿ ಗುಂಡಿಯನ್ನೊತ್ತಿ ಅಲಾರಂನ ಬಾಯಿ ಮುಚ್ಚಿಸುತ್ತಾನೆ. ಕಳ್ಳ ಬರುವುದಾದರೆ ಆ ರಾತ್ರಿಯೇ ಬಂದಾನು.

ಸದ್ದಿನ ವಿಷಯದಲ್ಲಿಯೂ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಕಾಗಿಲ್ಲ. ಎಷ್ಟು ಡೆಸಿಬೆಲ್ ಎಂಬುದರ ಜೊತೆಗೆ, ಎಷ್ಟು ದೂರದಲ್ಲಿ ಅಳೆದದ್ದು ಎಂದೂ ಕೇಳಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ 110 ಇದ್ದುದು 10 ಮೀಟರಿನಲ್ಲಿ 90 ಆಗುತ್ತದೆ. ಮಲಗಿದವರನ್ನು ಎಬ್ಬಿಸಲು ಪುಟ್ಟ ಸಾಧನದ ಕೂಗು ಸಾಕು. ವಾಹನವನ್ನು ಬಿಟ್ಟು ಊರು ನೋಡಲು ಹೋದಾಗ ನೆರೆಯವರಿಗೆ ಕೇಳಿಸಬೇಕಾದರೆ ಹೊರಗೊಂದು ಸೈರನ್ ಬೇಕು. ತಂತಿಯನ್ನು ಕತ್ತರಿಸಿದರೂ ಕೂಗುವಂತೆ ಅದಕ್ಕೆ ಸ್ವಂತ ಬ್ಯಾಟರಿ ಇರಬೇಕು.

ಬ್ಯಾಟರಿಯ ಲೆಕ್ಕವನ್ನು ಮರೆಯುವವರೇ ಹೆಚ್ಚು. ಮುಖ್ಯ ಪೆಟ್ಟಿಗೆ ಸದಾ 20 ಮಿಲಿಆಂಪಿಯರ್ ಎಳೆಯುವುದಾದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಗಂಟೆ, ತಿಂಗಳಿಗೆ ಸುಮಾರು 14. ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ವಾಹನದ ಬ್ಯಾಟರಿಯನ್ನು ಬರಿದುಮಾಡಲು ಇಷ್ಟು ಸಾಕು. ಕಿಟಕಿಗಳಿಗೆ ಅಂಟಿಸುವ ನಿಸ್ತಂತು ತುಂಡುಗಳು ನಾಣ್ಯದಂತಹ ಪುಟ್ಟ ಕೋಶಗಳಿಂದ ನಡೆಯುತ್ತವೆ. ಅವು ಸೋಲುವ ಮೊದಲು ಸೂಚನೆ ಕೊಡುವಂಥವನ್ನೇ ಆರಿಸಬೇಕು. ಸತ್ತುದನ್ನು ತಿಳಿಸದೆ ಸಾಯುವ ಕಾವಲುಗಾರನಿಂದ ಪ್ರಯೋಜನವಿಲ್ಲ. ಬಾಡಿಗೆಯ ವಾಹನದವರಿಗೆ ಈ ತಾಪತ್ರಯ ಬೇಡ: ತನ್ನ ಕೋಶ, ತನ್ನ ಸೈರನ್ ತನ್ನಲ್ಲೇ ಇರುವ, ಅಂಟಿಸಿ ಮತ್ತೆ ಬಿಡಿಸಬಹುದಾದ ಬಿಡಿ ಸಾಧನವೇ ತಕ್ಕದ್ದು. ವಾಹನದ ಒಡೆಯರನ್ನು ಕೇಳಿ ಅಂಟಿಸಿದರಾಯಿತು.

ಸ್ವಂತ ವಾಹನವುಳ್ಳವರು ವಿಮೆಯನ್ನು ನೆನೆಯಬೇಕು. ಬ್ರಿಟನ್ನಿನಲ್ಲಿ ವಿಮಾ ಉದ್ಯಮದವರು 1969ರಲ್ಲಿ ಸ್ಥಾಪಿಸಿದ ಥ್ಯಾಚಮ್ ಸಂಶೋಧನಾ ಕೇಂದ್ರ ವಾಹನಗಳ ಭದ್ರತಾ ವ್ಯವಸ್ಥೆಗಳನ್ನು ಪರೀಕ್ಷಿಸಿ ದರ್ಜೆ ಕೊಡುತ್ತದೆ. ಆ ದರ್ಜೆ ಇಡೀ ವಾಹನದ ಅಲಾರಂ ವ್ಯವಸ್ಥೆಗೆ ಸಂಬಂಧಿಸಿದ್ದು. ಕಿಟಕಿಗೊಂದು ಅಗ್ಗದ ತುಂಡನ್ನು ಅಂಟಿಸಿ ವಿಮೆಯ ನಿಬಂಧನೆ ಪೂರೈಸಿತೆಂದು ತಿಳಿಯುವುದು ತಪ್ಪಾದೀತು.

ಕೊನೆಯದಾಗಿ ಒಂದು ಭಯದ ಮಾತು. ಕಳ್ಳರು ಕಿಟಕಿಯ ಸಂದಿನಿಂದ ಮಂಪರು ಬರಿಸುವ ಅನಿಲವನ್ನು ಊದಿ, ಮಲಗಿದವರನ್ನು ಎಚ್ಚರದಪ್ಪಿಸಿ ದೋಚುತ್ತಾರೆಂಬ ವದಂತಿ ಪ್ರವಾಸಿಗರಲ್ಲಿ ಬಹಳ ಕಾಲದಿಂದ ಹರಡಿದೆ. ಇದನ್ನು ಕೇಳಿ ಸಣ್ಣ ಸಂದನ್ನೂ ಬಟ್ಟೆಯಿಂದ ತುರುಕುವವರಿದ್ದಾರೆ. ಮಲಗಿದವರಿಗೆ ತಿಳಿಯದಂತೆ ಈಥರ್, ಕ್ಲೋರೋಫಾರಂ ಮುಂತಾದುವನ್ನು ಕಿಟಕಿಯಿಂದ ಊದಿ ಎಚ್ಚರದಪ್ಪಿಸುವುದು ಸಾಧ್ಯವಲ್ಲವೆಂದು ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಸ್ಪಷ್ಟಪಡಿಸಿದೆ. ನಿಜವಾದ ವಿಷಾನಿಲ ಹುಟ್ಟುವುದು ಒಳಗೇ. ಸರಿಯಾಗಿ ಉರಿಯದ ಒಲೆಯಿಂದಲೋ ಹೀಟರಿನಿಂದಲೋ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಅದು ಮಲಗಿದವರನ್ನು ಮಲಗಿದಂತೆಯೇ ಕೊಲ್ಲಬಲ್ಲುದು. ವಾಹನದಲ್ಲಿ ಗಾಳಿಗಾಗಿ ಬಿಟ್ಟ ಸ್ಥಿರವಾದ ಕಂಡಿಗಳನ್ನು ಎಂದೂ ಮುಚ್ಚಬಾರದು. ಕಿಟಕಿಯ ಅಲಾರಂಗಿಂತ ಮೊದಲು ಕೊಳ್ಳತಕ್ಕದ್ದು ಈ ಅನಿಲವನ್ನು ಗುರುತಿಸುವ ಅಲಾರಂ. ಇಂಥ ವಾಹನಗಳಿಗೆಂದೇ ‘ಇಎನ್ 50291’ ಎಂಬ ಯೂರೋಪಿನ ಮಾನಕದ ಎರಡನೆಯ ಭಾಗ ಮೀಸಲಾಗಿದೆ. ಪೆಟ್ಟಿಗೆಯ ಮೇಲೆ ಆ ಗುರುತನ್ನು ನೋಡಿ ತೆಗೆದುಕೊಳ್ಳಬೇಕು.

ಪ್ರಯಾಣಕ್ಕೆ ಮೊದಲು ಒಂದು ಸಂಜೆಯನ್ನು ಪರೀಕ್ಷೆಗೆ ಮೀಸಲಿಡುವುದು ಜಾಣತನ. ಒಬ್ಬರು ಹೊರಗೆ ನಿಂತು, ಒಳಗಿನವರು ಚಿಲಕ ಸಡಿಲಿಸಿದ ಒಂದೊಂದು ಕಿಟಕಿಯನ್ನೂ ಮೆಲ್ಲನೆ ಎಳೆಯಲಿ. ಬೆರಳು ತೂರುವಷ್ಟು ತೆರೆಯುವುದರೊಳಗೆ ಗಂಟೆ ಕೂಗಿತೆ ಎಂದು ಒಳಗಿನವರು ನೋಡಲಿ. ಮಾಡಿನ ಕಿಂಡಿಯನ್ನೂ ಸಾಮಾನಿನ ಬಾಗಿಲನ್ನೂ ಬಿಡಬಾರದು. ಅನಂತರ ಕಿರಿಯ ಮಗುವಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಕತ್ತಲಲ್ಲಿ ಕಿಟಕಿಯ ಚಿಲಕವನ್ನು ಒಳಗಿನಿಂದ ತೆರೆಯಬಲ್ಲರೇ ಎಂಬುದನ್ನೂ ನೋಡಬೇಕು. ಕಳ್ಳ ಹೊರಗಿನಿಂದ ತೆರೆದರೆ ಕೂಗುವಂತಿದ್ದು, ಮನೆಯವರು ಒಳಗಿನಿಂದ ತೆರೆಯಲು ಅಡ್ಡಿಪಡಿಸದಂತಿದ್ದರೆ ಆ ಕಿಟಕಿಯ ಕಾವಲು ಸರಿಯಾಗಿದೆ. ಅಂಥ ಮನೆಯಲ್ಲಿ ತಾಯಿಯೂ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದು.